ಖಾಕಿ ಅಂಗಿ, ಗುಲಾಬಿ ಸೀರೆ: ವಿಜಯಪುರದಲ್ಲಿ ಕಾರ್ಮಿಕ ಸಂಘ ಕೈ ಬದಲಿಸಿದ ಕಾಲ

ಜಾಗತೀಕರಣ ಬಂತು, ಗಿರಣಿಗಳು ಮುಚ್ಚಿದವು, ಸಂಘಗಳು ಮುರಿದವು ಎಂದು ವಿಜಯಪುರದ ಬಗ್ಗೆ ಬರೆಯುವುದು ಸುಲಭ, ಆದರೆ ಅದು ನಿಜವಲ್ಲ. ಸೊಲ್ಲಾಪುರದಂತೆ, ಮುಂಬೈಯಂತೆ ಇದು ಎಂದೂ ಗಿರಣಿ ಊರಾಗಿರಲಿಲ್ಲ. ಇಲ್ಲಿದ್ದದ್ದು ಹತ್ತಿ ಜಿನ್ನು, ಎಣ್ಣೆ ಗಾಣ, ಜೋಳದ ಅಡತಿ ಅಂಗಡಿ. ಗಿರಣಿಯ ಭೋಂಗಾ ಕೇಳಬೇಕೆಂದರೆ ಇಲ್ಲಿಯವರು ರೈಲು ಹತ್ತಬೇಕಿತ್ತು. ಹಾಗಾಗಿ ಈ ಜಿಲ್ಲೆಯ ಕಾರ್ಮಿಕ ಸಂಘಗಳ ಕಥೆ ಶುರುವಾಗುವುದು ಜಿಲ್ಲೆಯ ಹೊರಗೆ, ನೂರು ಕಿಲೊಮೀಟರ್ ಉತ್ತರದ ಸೊಲ್ಲಾಪುರದಲ್ಲಿ.

1876–78ರ ಬರ ಈ ಸೀಮೆಯನ್ನು ಹಿಂಡಿ ಹಾಕಿದಾಗ ಇದು ಇನ್ನೂ ಕಲಾದಗಿ ಜಿಲ್ಲೆ. ಬರದ ನಡುವೆಯೇ, 1877ರಲ್ಲಿ, ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ ತಲೆ ಎತ್ತಿತು. ಊರವರ ಬಾಯಲ್ಲಿ ಅದು ಕೊನೆಯವರೆಗೂ ‘ಜುನಿ ಮಿಲ್’. 1884ರ ಹೊತ್ತಿಗೆ ಹೋಟಗಿ–ಗದಗ ಮೀಟರ್‌ಗೇಜ್ ಹಳಿ ವಿಜಾಪುರದ, ಅಂದರೆ ಇಂದಿನ ವಿಜಯಪುರದ, ಮೇಲೆ ಹಾದುಹೋಯಿತು. ಮಳೆ ಕೈಕೊಟ್ಟ ವರ್ಷ ಭೀಮಾ ನದಿಯ ಈಚೆ ದಂಡೆಯ ಹಳ್ಳಿಗಳಿಂದ ಗಂಡಾಳುಗಳು ಆ ಹಳಿ ಹಿಡಿದೇ ಹೋದರು. ತೆಲುಗು ಪದ್ಮಸಾಲಿಗಳು, ಮರಾಠಿ ದಲಿತರು, ಕನ್ನಡದ ಲಿಂಗಾಯತರು ಒಂದೇ ಗಿರಣಿಯ ಸಾಲಿನಲ್ಲಿ ನಿಂತದ್ದು ಅಲ್ಲಿ.

ಎಲ್ಲರೂ ತಮ್ಮ ಇಷ್ಟದಿಂದ ಹೋದವರಲ್ಲ. 1910ರ ಆಸುಪಾಸು ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಾಪುರದಲ್ಲಿ ‘ಅಪರಾಧಿ ಬುಡಕಟ್ಟು’ಗಳ ವಸಾಹತು ಕಟ್ಟಿಸಿದ. ಹರಣಶಿಕಾರಿ, ಘಂಟಿಚೋರ ಮೊದಲಾದ ಸಮುದಾಯಗಳನ್ನು ಬೇಲಿಯೊಳಗೆ ತಂದು, ಹಾಜರಿ ಹಿಡಿದು, ಕೆಲಸ ಕಲಿಸುವ ಏರ್ಪಾಡು ಅದು. ಇಲ್ಲಿಂದ ಶುರುವಾದ ಮಾದರಿ ಹುಬ್ಬಳ್ಳಿ, ಗದಗ, ಗೋಕಾಕ ಫಾಲ್ಸ್, ಸೊಲ್ಲಾಪುರಗಳಿಗೆ ಹಬ್ಬಿತು. ಗೋಕಾಕ, ಸೊಲ್ಲಾಪುರಗಳ ಗಿರಣಿಗಳಿಗೆ ಆ ವಸಾಹತುಗಳಿಂದ ಆಳು ಸಿಗುತ್ತಿದ್ದರು. ದಿನವೂ ಹಾಜರಿ ಕೊಡಬೇಕಾದವನು ಮುಷ್ಕರಕ್ಕೆ ಹೇಗೆ ಕೂತಾನು? ಮುಂಬೈ ಪ್ರಾಂತ್ಯ ಈ ಬೇಲಿಯ ಹಿಂದಿದ್ದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತೆಗೆದದ್ದು 1949ರಲ್ಲಿ, ದೇಶವಿಡೀ ಅದು ಹೋದದ್ದು 1952ರಲ್ಲಿ. ಕಾರ್ಮಿಕ ಚಳವಳಿಯ ಇತಿಹಾಸ ಬರೆಯುವವರು 1920ರಲ್ಲಿ ಮುಂಬೈಯಲ್ಲಿ ಎಐಟಿಯುಸಿ ಹುಟ್ಟಿದ್ದನ್ನು, 1926ರ ಟ್ರೇಡ್ ಯೂನಿಯನ್ ಕಾಯ್ದೆಯನ್ನು ತಪ್ಪದೆ ಹೇಳುತ್ತಾರೆ, ಈ ಬೇಲಿಯನ್ನು ಮರೆಯುತ್ತಾರೆ. ವಿಜಾಪುರದ ಮಟ್ಟಿಗೆ ಸಂಘದ ಒಳಗೆ ಯಾರು, ಹೊರಗೆ ಯಾರು ಎಂಬ ಗೆರೆಯ ಒಂದು ಕೊನೆ ಇಲ್ಲಿಯೇ ಇದೆ.

ಸೊಲ್ಲಾಪುರದ ಗಿರಣಿ ಕಾರ್ಮಿಕರು ಸ್ವಾತಂತ್ರ್ಯ ಚಳವಳಿಯನ್ನೇ ತಮ್ಮ ಕೇರಿಗೆ ಎಳೆದುಕೊಂಡವರು. 1930ರ ಮೇ ತಿಂಗಳಲ್ಲಿ ಆ ಊರಿಗೆ ಮಾರ್ಷಲ್ ಲಾ ಬಿತ್ತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಇವರಲ್ಲಿ ಕುರ್ಬಾನ್ ಹುಸೇನ್ ‘ಗಜನ್ಫರ್’ ಪತ್ರಿಕೆಯ ಸಂಪಾದಕ, ಗಿರಣಿ ಕಾರ್ಮಿಕರನ್ನು ಸಂಘಟಿಸಿದವನು.

ಆ ಗಿರಣಿಗಳು ಬಿದ್ದದ್ದಕ್ಕೆ 1991ರ ಉದಾರೀಕರಣ ಒಂದೇ ಕಾರಣವಲ್ಲ. ಜುನಿ ಮಿಲ್ ಅದಕ್ಕೂ ಎಷ್ಟೋ ಮೊದಲು ಬಾಗಿಲು ಹಾಕಿತ್ತು. ಪವರ್‌ಲೂಮ್‌ಗಳು ಗಿರಣಿಯ ಬಟ್ಟೆಯನ್ನು ಮೊದಲೇ ತಿಂದಿದ್ದವು. 1982ರ ಜನವರಿ 18ರಂದು ದತ್ತಾ ಸಾಮಂತರ ಕರೆಗೆ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟಾಗ ಮಾಲೀಕರಿಗೆ ಗಿರಣಿಗಿಂತ ಅದರ ಜಾಗವೇ ಬೆಲೆಯುಳ್ಳದ್ದು ಎಂಬ ಅರಿವು ಮೂಡತೊಡಗಿತ್ತು. ಉದಾರೀಕರಣ ಬಂದು ಉಳಿದದ್ದನ್ನು ಮುಗಿಸಿತು. ಸೊಲ್ಲಾಪುರದಲ್ಲಿ ಲಕ್ಷ್ಮಿ–ವಿಷ್ಣು ಗಿರಣಿಗಳ ಭೋಂಗಾ 1990ರ ದಶಕದಲ್ಲಿ ನಿಂತಿತು. ಗಂಡಸರ ಗಿರಣಿ ಸಂಘಗಳು ಕರಗುತ್ತಿದ್ದ ಅದೇ ಊರಿನಲ್ಲಿ, ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರ ಲಾಲ್ ಬಾವಟಾ ಸಂಘ ಬೆಳೆಯಿತು. ನರಸಯ್ಯ ಆಡಂ ಅವರ ಮುಂದಾಳ್ತನದಲ್ಲಿ ಆ ಹೆಂಗಸರು 2006ರಲ್ಲಿ ಹತ್ತು ಸಾವಿರ ಮನೆಗಳ ಗೋದೂತಾಯಿ ಪರುಳೇಕರ್ ಕಾಲೊನಿಯನ್ನು ಪಡೆದರು. ವಿಜಾಪುರದಲ್ಲಿ ಆಗಲಿದ್ದ ಬದಲಾವಣೆಯನ್ನು ಸೊಲ್ಲಾಪುರ ಮೊದಲೇ ತೋರಿಸಿಬಿಟ್ಟಿತ್ತು.

ವಿಜಾಪುರ ಶಹರದ ಸಂಘಗಳಿಗೆ ಯಜಮಾನ ಯಾವತ್ತೂ ಸೇಠನಲ್ಲ, ಸರ್ಕಾರ. ಬಸ್ ಡಿಪೊ, ರೈಲ್ವೆ ಸ್ಟೇಷನ್, ಟೆಲಿಫೋನ್ ಎಕ್ಸ್‌ಚೇಂಜ್, ವಿದ್ಯುತ್ ಮಂಡಳಿ, ಗ್ರಾಮೀಣ ಬ್ಯಾಂಕು. ಖಾಕಿ ಅಂಗಿಯ ಡ್ರೈವರ್, ಕಂಡಕ್ಟರ್, ಲೈನ್‌ಮನ್ ಈ ಸಂಘಗಳ ಬೆನ್ನೆಲುಬು. ಪಗಾರದಲ್ಲೇ ಚಂದಾ ಮುರಿಯುತ್ತಿದ್ದದ್ದರಿಂದ ಸದಸ್ಯತ್ವ ಎಂಬುದು ಬಹಳ ಮಂದಿಗೆ ನೌಕರಿಯ ಜೊತೆಗೇ ಬಂದ ಸಂಗತಿ. ಈ ಸಂಘಗಳು ಗೆದ್ದದ್ದೂ ಉಂಟು. ವಿಜಾಪುರ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕುಗಳ ನೌಕರರಿಗೆ ಪ್ರಾಯೋಜಕ ವಾಣಿಜ್ಯ ಬ್ಯಾಂಕಿನವರಿಗೆ ಸಮನಾದ ವೇತನ ಕೊಡಬೇಕು ಎಂದು 1990ರಲ್ಲಿ ನ್ಯಾಯಮೂರ್ತಿ ಓಬುಲ್ ರೆಡ್ಡಿ ಅವರ ರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಗುಮ್ಮಟದ ಊರಿನ ಗುಮಾಸ್ತನೂ ಬೆಂಗಳೂರಿನ ಗುಮಾಸ್ತನೂ ಒಂದೇ ಎಂದು ಬರೆದುಕೊಟ್ಟ ಆ ತೀರ್ಪು ಬಂದ ಮರುವರ್ಷವೇ, 1991ರ ಜುಲೈ 24ರಂದು, ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು.

ಆಮೇಲೆ ನಡೆದದ್ದನ್ನು ಯಾರೂ ‘ಸಂಘ ಒಡೆಯುವುದು’ ಎಂದು ಕರೆಯಲಿಲ್ಲ. ಬೀಗ ಬೀಳಲಿಲ್ಲ, ಲಾಠಿ ಬೀಸಲಿಲ್ಲ. ನಿವೃತ್ತಿಯಾದವರ ಜಾಗಕ್ಕೆ ಜನ ಬರಲಿಲ್ಲ, ಅಷ್ಟೆ. ಕೆಎಸ್‌ಆರ್‌ಟಿಸಿಯನ್ನು 1997ರಲ್ಲಿ ಹುಬ್ಬಳ್ಳಿಗೆ, 2000ದಲ್ಲಿ ಕಲಬುರಗಿಗೆ ಹಂಚಿದರು. ವಿಜಾಪುರ ವಿಭಾಗ ಕಲಬುರಗಿಯ ಪಾಲಿಗೆ ಹೋಯಿತು. ವಿದ್ಯುತ್ ಮಂಡಳಿ ಮೊದಲು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಇಲ್ಲಿಗೆ ಹೆಸ್ಕಾಂ ಬಂತು. ಗ್ರಾಮೀಣ ಬ್ಯಾಂಕು 2005ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಕರಗಿತು. 2025ರ ಮೇ 1ರಂದು, ಕಾರ್ಮಿಕರ ದಿನವೇ, ಅದೂ ಬಳ್ಳಾರಿ ಮೂಲದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಟೆಲಿಫೋನ್ ಇಲಾಖೆ 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಆಯಿತು. 2020ರ ಜನವರಿ 31ರಂದು ದೇಶದಾದ್ಯಂತ ಅದರ 78,569 ನೌಕರರು ಸ್ವಯಂನಿವೃತ್ತಿ ಪಡೆದು ಒಂದೇ ದಿನ ಹೊರಗೆ ಬಂದರು. ಇಷ್ಟು ದೊಡ್ಡ ಸಂಖ್ಯೆಯ ಸದಸ್ಯರನ್ನು ಒಂದೇ ಸಂಜೆ ಕಳೆದುಕೊಂಡ ಸಂಘಗಳು ಈ ದೇಶದಲ್ಲಿ ಕಡಿಮೆ.

ಖಾಕಿಯ ಸಿಟ್ಟು ಜೋರಾಗಿ ಸಿಡಿದದ್ದು 2021ರ ಏಪ್ರಿಲ್‌ನಲ್ಲಿ. ಸಾರಿಗೆ ನೌಕರರು ಆರನೇ ವೇತನ ಆಯೋಗದ ಪಗಾರ ಕೇಳಿ 7ರಿಂದ ಎರಡು ವಾರ ಬಸ್ ನಿಲ್ಲಿಸಿದರು. ಗಮನಿಸಬೇಕಾದ್ದು ಮುಂದಾಳು ಯಾರು ಎಂಬುದನ್ನು. ದಶಕಗಳ ಹಳೆಯ ಫೆಡರೇಷನ್‌ಗಳನ್ನು ಬದಿಗಿಟ್ಟು ನೌಕರರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಅವರ ಹಿಂದೆ ಹೋಗಿದ್ದರು. ಸರ್ಕಾರ ವಜಾ, ವರ್ಗಾವಣೆಗಳ ಮಳೆ ಸುರಿಸಿತು, ಹೈಕೋರ್ಟಿನ ಮಾತಿನ ಮೇಲೆ ಮುಷ್ಕರ ನಿಂತಿತು. ಚಂದಾ ಕೊಟ್ಟ ಸಂಘದ ಮೇಲೆ ನಂಬಿಕೆ ಹೋಗಿ, ಚಂದಾ ಕೊಡದ ಕೂಟದ ಮೇಲೆ ನಂಬಿಕೆ ಬಂದದ್ದು ನನಗೆ ಆ ಮುಷ್ಕರದ ಸೋಲಿಗಿಂತ ದೊಡ್ಡ ಸುದ್ದಿಯಾಗಿ ಕಾಣುತ್ತದೆ.

ಇಷ್ಟಾದರೂ ಒಟ್ಟು ಲೆಕ್ಕ ಬೇರೆಯೇ ಹೇಳುತ್ತದೆ. ಬ್ರಿಟನ್ನಿನಲ್ಲಿ 1979ರಲ್ಲಿ ಒಂದು ಕೋಟಿ ಮೂವತ್ತು ಲಕ್ಷ ದಾಟಿದ್ದ ಸಂಘ ಸದಸ್ಯತ್ವ ಈಗ ಅದರ ಅರ್ಧದ ಹತ್ತಿರ ಇದೆ. ಭಾರತದಲ್ಲಿ ಹಾಗಾಗಲಿಲ್ಲ. ಕೇಂದ್ರ ಸರ್ಕಾರ 1989ರ ಡಿಸೆಂಬರ್ 31ರ ಲೆಕ್ಕ ಪರಿಶೀಲಿಸಿದಾಗ ಕೇಂದ್ರ ಕಾರ್ಮಿಕ ಸಂಘಟನೆಗಳ ಸದಸ್ಯರು ಸುಮಾರು 1.23 ಕೋಟಿ. 2002ರ ಡಿಸೆಂಬರ್ 31ರ ಲೆಕ್ಕದಲ್ಲಿ ಅದು ಸುಮಾರು 2.48 ಕೋಟಿ. ಉದಾರೀಕರಣದ ಮೊದಲ ಹನ್ನೊಂದು ವರ್ಷಗಳನ್ನು ಒಳಗೊಂಡ ಅವಧಿಯಲ್ಲಿ ಸದಸ್ಯತ್ವ ಇಮ್ಮಡಿ! ಸಂಘಗಳು ಸಂಖ್ಯೆ ಉಬ್ಬಿಸುತ್ತವೆ ಎಂಬ ಆರೋಪ ಹಳೆಯದು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಹೊಸ ಸದಸ್ಯರು ಬರೀ ಕಾಗದದ ಮೇಲಿನವರಲ್ಲ. ಹೊಲಗಳಿಂದ, ಕಟ್ಟಡಗಳಿಂದ, ಬೀಡಿಯ ಮೊರಗಳಿಂದ ಬಂದ ಅಸಂಘಟಿತರು ಅವರಲ್ಲಿ ದೊಡ್ಡ ಪಾಲು. ವಿಜಾಪುರದಲ್ಲಿ ಆ ಹೊಸಬರು ಯಾರು ಎಂದು ನೋಡಲು ಯಾವ ಕಾರ್ಖಾನೆಗೂ ಹೋಗಬೇಕಿಲ್ಲ, ಹಳ್ಳಿಯ ಶಾಲೆಯ ಅಡುಗೆ ಕೋಣೆಗೆ ಹೋದರೆ ಸಾಕು.

2001ರಲ್ಲಿ ಕರ್ನಾಟಕ ವಿಶ್ವಬ್ಯಾಂಕಿನಿಂದ ಆರ್ಥಿಕ ಪುನಾರಚನೆಯ ಸಾಲ ತೆಗೆದುಕೊಂಡಿತು. 2002ರಲ್ಲಿ, ದೇಶದಲ್ಲೇ ಮೊದಲನೆಯದಾಗಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ವಿಚಿತ್ರವೆಂದರೆ ಅದೇ ಕಾಲದಲ್ಲಿ ಸರ್ಕಾರಕ್ಕೆ ಹೊಸ ಕೆಲಸಗಳೂ ಬಂದವು. 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು, ವಿಜಾಪುರ ಅವುಗಳಲ್ಲಿ ಒಂದು. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರ ಹಿಂದೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಆಶಾ ಬಂದಳು. 1975ರಿಂದ ಇದ್ದ ಅಂಗನವಾಡಿಗಳು ಹೆಚ್ಚಿದವು. ಖಾಯಂ ನೌಕರರನ್ನು ತೆಗೆದುಕೊಳ್ಳಬಾರದು, ಕೆಲಸ ಮಾತ್ರ ಆಗಬೇಕು. ದಾರಿ ಸಿಕ್ಕಿತು. ಕೆಲಸ ಮಾಡುವವಳು ಸ್ವಯಂಸೇವಕಿ, ಆಕೆಗೆ ಸಿಗುವುದು ಗೌರವಧನ.

ರಾಜ್ಯದಲ್ಲಿ ಅಂಗನವಾಡಿ ಕಾರ್ಯಕರ್ತೆ–ಸಹಾಯಕಿಯರು ಲಕ್ಷಕ್ಕೂ ಹೆಚ್ಚು, ಬಿಸಿಯೂಟದವರೂ ಲಕ್ಷಕ್ಕೂ ಹೆಚ್ಚು, ಆಶಾ ಕಾರ್ಯಕರ್ತೆಯರು ಸುಮಾರು 42 ಸಾವಿರ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಎಂದಿತು. ಕೋರ್ಟಿನಲ್ಲಿ ಬಾಗಿಲು ಮುಚ್ಚಿದಾಗ ಸಂಘದ ಬಾಗಿಲು ದೊಡ್ಡದಾಯಿತು. ಅಂಗನವಾಡಿ, ಬಿಸಿಯೂಟಗಳಲ್ಲಿ ಸಿಐಟಿಯು, ಆಶಾಗಳಲ್ಲಿ ಎಐಯುಟಿಯುಸಿ ಬೇರು ಬಿಟ್ಟವು. ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಧರಣಿಯಲ್ಲಿ ಖಾಕಿಗಿಂತ ಗುಲಾಬಿ ಸೀರೆ ಹೆಚ್ಚು ಕಾಣತೊಡಗಿದ್ದು ಈ ಕಾಲದಲ್ಲಿ.

ಈ ಸಂಘಗಳ ರೀತಿಯೇ ಬೇರೆ. ಪಗಾರದಲ್ಲಿ ಚಂದಾ ಮುರಿಯುವ ಏರ್ಪಾಡಿಲ್ಲ, ಕೈಯಿಂದ ಕೈಗೆ ರಸೀದಿ ಹರಿಯಬೇಕು. ಒಂದೇ ಗೇಟಿನಲ್ಲಿ ಸಾವಿರ ಜನ ಸಿಗುವುದಿಲ್ಲ, ಹಳ್ಳಿಗೆ ಒಬ್ಬಿಬ್ಬರು. ತಿಂಗಳ ತಾಲ್ಲೂಕು ಮೀಟಿಂಗಿಗೆ ಎಲ್ಲರೂ ಸೇರುವ ದಿನವೇ ಸಂಘದ ಸಭೆಯ ದಿನ. ಗೋಧಿ, ಬೆಲ್ಲ, ತೂಕದ ಕಾರ್ಡುಗಳ ಲೆಕ್ಕ ಒಪ್ಪಿಸಲು ಬಂದವರೇ ಮರದಡಿ ಕೂತು ಬೆಂಗಳೂರಿಗೆ ಯಾವ ರೈಲಿಗೆ ಹೋಗುವುದೆಂದು ಗೊತ್ತು ಮಾಡಿಕೊಳ್ಳುತ್ತಾರೆ. ಸರ್ಕಾರವೇ ತನಗೆ ತಿಳಿಯದೆ ಸಂಘಕ್ಕೆ ಸಭಾಭವನ ಒದಗಿಸಿದಂತೆ ಇದು. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲೇ ಮಲಗಿ ರಾತ್ರಿಗಳನ್ನು ಕಳೆದರು, ಗೌರವಧನ ಏರಿತು. 2022ರ ಏಪ್ರಿಲ್ 25ರಂದು ಗುಜರಾತಿನ ಮಣಿಬೆನ್ ಭಾರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಅದನ್ನು ಜಾರಿ ಮಾಡಿಸಲು 2023ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ತುಂಬಿತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿಯೇ ಕೂತು, ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿ ಎಂಬ ಮಾತನ್ನು ಮುಖ್ಯಮಂತ್ರಿಯಿಂದ ಪಡೆದು ಎದ್ದರು.

ಸದಸ್ಯತ್ವ ಹೆಚ್ಚಿದ ಇನ್ನೊಂದು ದಾರಿ ಲೇಬರ್ ಕಾರ್ಡ್. 1996ರ ಕಾಯ್ದೆಯಂತೆ ಕಟ್ಟಡಗಳ ವೆಚ್ಚದ ಮೇಲೆ ಶೇಕಡಾ 1ರ ಸೆಸ್ ವಸೂಲಾಗತೊಡಗಿತು, ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಮದುವೆಗೆ, ಮಕ್ಕಳ ಓದಿಗೆ ಹಣ. ಗೌಂಡಿಗಳು ಸಂಘಕ್ಕೆ ಬಂದದ್ದು ಕೂಲಿ ಏರಿಸಲಿಕ್ಕಲ್ಲ, ಅರ್ಜಿ ತುಂಬಿಸಲಿಕ್ಕೆ. ಸಂಘದ ಕಚೇರಿ ಎಂದರೆ ಝೆರಾಕ್ಸ್ ಅಂಗಡಿ ಎನ್ನುವಂತಾಯಿತು. ಕಟ್ಟಡದ ಮಣ್ಣನ್ನೇ ಮುಟ್ಟದವರೂ ಕಾರ್ಡ್ ಮಾಡಿಸಿದರು, ಸರ್ಕಾರ ಈಚೆಗೆ ಲಕ್ಷಗಟ್ಟಲೆ ಬೋಗಸ್ ಕಾರ್ಡುಗಳನ್ನು ರದ್ದು ಮಾಡಬೇಕಾಯಿತು. ಇದನ್ನು ಸದಸ್ಯತ್ವ ಎನ್ನಬೇಕೋ ಗಿರಾಕಿತನ ಎನ್ನಬೇಕೋ!

ಸಂಘದ ಮಾತೇ ಮುಟ್ಟದ ಜಾಗ ನೋಡಬೇಕೆಂದರೆ ಅಥಣಿ ರಸ್ತೆ ಹಿಡಿಯಬೇಕು. ಟಿಕೋಟಾ, ಬಾಬಾನಗರ, ಬಿಜ್ಜರಗಿ, ಕನಮಡಿ. ಬರಗಾಲಕ್ಕೆ ಹೆಸರಾದ ಈ ಮಡ್ಡಿಯಲ್ಲಿ ಬೋರ್‌ವೆಲ್, ಹನಿ ನೀರಾವರಿ, ಬ್ಯಾಂಕ್ ಸಾಲಗಳ ಬಲದಿಂದ ದ್ರಾಕ್ಷಿ ಬಂತು. 2018ರಲ್ಲಿ ಟಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾಗುವ ಹೊತ್ತಿಗೆ ರಸ್ತೆಯ ಇಬ್ಬದಿಗೂ ಒಣದ್ರಾಕ್ಷಿ ಮಾಡುವ ಹಸಿರು ಬಲೆಯ ಶೆಡ್ಡುಗಳು ನಿಂತಿದ್ದವು. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಬೆಳೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಿಗೆ ಬರುತ್ತದೆ. ಗೊಂಚಲು ಕೊಯ್ದು ಕ್ರೇಟಿಗೆ ತುಂಬಿ, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರವುತ್ತಾರೆ. ಮೇಲಿನ ಅಂತಸ್ತಿಗೆ ಕೈ ನಿಲುಕದವರು ಕಬ್ಬಿಣದ ಕೋನಕ್ಕೆ ಕಾಲು ಕೊಟ್ಟು ಹತ್ತುತ್ತಾರೆ. ಎರಡು ವಾರಕ್ಕೆ ನಾಲ್ಕು ಕಿಲೊ ದ್ರಾಕ್ಷಿ ಒಂದು ಕಿಲೊ ಒಣದ್ರಾಕ್ಷಿಯಾಗುತ್ತದೆ. ಬಣ್ಣ ನಿಲ್ಲಲಿ ಎಂದು ಕೊಡುವ ಗಂಧಕದ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಆಮೇಲೆ ಹೆಂಗಸರ ಸಾಲು ಕೂತು ತೊಟ್ಟು ಬಿಡಿಸಿ ಆರಿಸಬೇಕು.

ಇಲ್ಲಿ ಸಂಘ ಯಾಕಿಲ್ಲ ಎಂದರೆ ‘ಜನಕ್ಕೆ ಅರಿವಿಲ್ಲ’ ಎಂಬ ಉತ್ತರ ಸೋಮಾರಿತನದ್ದು. ಮೊದಲನೆಯದಾಗಿ, ಎದುರಿಗಿರುವ ಮಾಲೀಕ ಸಾಲ ಹೊತ್ತ ರೈತ. ಅವನ ಮಾಲಿನ ಬೆಲೆ ಗೊತ್ತಾಗುವುದು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿ ಪೇಟೆಗಳಲ್ಲಿ, ಅಫ್ಘಾನಿಸ್ತಾನದ ಒಣದ್ರಾಕ್ಷಿಯ ಜೊತೆ ಪೈಪೋಟಿಯಲ್ಲಿ. ಅಲ್ಲಿ ದರ ಬಿದ್ದರೆ ಇಲ್ಲಿ ಯಾರ ಮುಂದೆ ಧರಣಿ ಕೂರುವುದು? ಎರಡನೆಯ ಸಂಗತಿ ಟೋಳಿ, ಅಂದರೆ ಕೂಲಿಗಳ ಗುಂಪು. ಕೆಲಸ ಹಿಡಿಯುವುದು ಟೋಳಿ, ದರ ಮಾತಾಡುವುದು ಅದರ ಮುಖಂಡ, ಮುಕಡದಮ್. ಮಾರ್ಚ್‌ನಲ್ಲಿ ಮೋಡ ಕವಿದು ಹಣ್ಣು ಬಳ್ಳಿಯ ಮೇಲೇ ಇದ್ದ ದಿನ ಟೋಳಿ ಕೆಳಗೆ ಕೂತರೆ ದರ ಏರುತ್ತದೆ. ಬಾವುಟವಿಲ್ಲದ, ರಸೀದಿಯಿಲ್ಲದ ಮುಷ್ಕರ ಅದು, ಅರ್ಧ ದಿನದಲ್ಲಿ ಗೆಲ್ಲುತ್ತದೆ. ಆದರೆ ಗೆಲುವು ಆ ಹಂಗಾಮಿನೊಂದಿಗೆ ಮುಗಿಯುತ್ತದೆ. ಗಂಧಕದ ಹೊಗೆಗೆ ಕೆಮ್ಮು ಹಿಡಿದ ಹೆಂಗಸಿಗೆ ಅದರಿಂದ ಇಎಸ್‌ಐ ಸಿಗುವುದಿಲ್ಲ.

ಜಮಖಂಡಿ ರಸ್ತೆಯ ಬಬಲೇಶ್ವರದ ಕಡೆ ಕಥೆ ಬೇರೆ. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಹತ್ತಿ ಬಂದು ಕಬ್ಬು ಹೆಚ್ಚಿತು. 1998ರಲ್ಲಿ ಸಕ್ಕರೆಗೆ ಲೈಸೆನ್ಸ್ ತೆಗೆದ ಮೇಲೆ ಖಾಸಗಿ ಕಾರ್ಖಾನೆಗಳೂ ಹೆಚ್ಚಿದವು. ಸಹಕಾರಿ ಕಾರ್ಖಾನೆಯ ಖಾಯಂ ನೌಕರನಿಗೆ ಸಂಘ ಉಂಟು, ಮುಂಗಡ ಪಡೆದು ಕಬ್ಬು ಕಡಿಯಲು ಬರುವ ಗ್ಯಾಂಗಿಗೆ ಇಲ್ಲ. ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬಾಯ್ಲರ್ ಕೊರಿಯಾದ ಕಂಪನಿಯದ್ದು, ಟರ್ಬೈನ್‌ನಲ್ಲಿ ಜಪಾನಿನ ಪಾಲು. ಜಗತ್ತು ಇಲ್ಲಿಗೆ ಬಂದದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗೆ ನೋಡಿದರೆ ಈಗ ವಿಜಯಪುರವೇ ಬೇರೆಯವರಿಗೆ ಸೊಲ್ಲಾಪುರವಾಗಿದೆ. ಇಲ್ಲಿಯ ತಾಂಡಾಗಳ ಜನ ಗೋವಾಕ್ಕೆ, ಪುಣೆಗೆ, ಮುಂಬೈಗೆ ದುಡಿಯಲು ಹೋದಾಗ ಅವರ ಖಾಲಿ ಜಾಗಕ್ಕೆ ಬಿಹಾರದವರು ಬಂದರು. 2023ರ ಡಿಸೆಂಬರ್ 4ರ ಸಂಜೆ ನಗರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು ಬಿತ್ತು. ಮರುದಿನದವರೆಗೂ ಜೋಳ ಸರಿಸಿ ಏಳು ಹೆಣ ತೆಗೆದರು, ಏಳೂ ಬಿಹಾರದವರದ್ದು. ಪರಿಹಾರ ಘೋಷಣೆಯಾಯಿತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಇಂಥವರ ಹೆಸರು ನೋಂದಣಿಯಾಗಬೇಕು ಎನ್ನುತ್ತಿತ್ತು. 2025ರ ಜನವರಿಯಲ್ಲಿ ನಗರದ ಅಂಚಿನ ಇಟ್ಟಿಗೆ ಭಟ್ಟಿಯೊಂದರಲ್ಲಿ, ಸಂಕ್ರಾಂತಿಗೆ ಊರಿಗೆ ಹೋಗಿ ತಡವಾಗಿ ಬಂದ ಮೂವರನ್ನು ಪೈಪಿನಿಂದ ಬಡಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಜೀತ ಪದ್ಧತಿ ರದ್ದಾಗಿ ಆಗಲೇ ಸುಮಾರು ಅರ್ಧ ಶತಮಾನ. ಸ್ಟಾರ್ಟ್‌ನ ಬೇಲಿಗೆ ಸರ್ಕಾರಿ ಮೊಹರು ಇತ್ತು, ಇದಕ್ಕೆ ಮುಂಗಡ ಹಣವೇ ಸಾಕಾಯಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಮಸ್ಟರ್ ರೋಲಿನ ಶೇಕಡಾ 51 ಜನರ ಬೆಂಬಲ ಇರುವ ಸಂಘವಿದ್ದರೆ ಮಾತುಕತೆಗೆ ಕೂರುವುದು ಅದೊಂದೇ. ಅಂಗನವಾಡಿ, ಬಿಸಿಯೂಟ, ಆಶಾಗಳಂಥ ಸ್ಕೀಮ್ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಒಪ್ಪಿ ಎಂದು 2013ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು, ಅದಕ್ಕೆ ಸಂಹಿತೆಗಳಲ್ಲಿ ಜಾಗ ಸಿಗಲಿಲ್ಲ. ಹಾಗಾಗಿ ಜಿಲ್ಲೆಯ ಅತಿ ಗಟ್ಟಿ ಸಂಘಗಳು ಕಾಯ್ದೆಯ ಲೆಕ್ಕಕ್ಕೆ ಹೊರಗೆ, ಅತಿ ದೊಡ್ಡ ದುಡಿಯುವ ಗುಂಪು ಸಂಘದ ಲೆಕ್ಕಕ್ಕೇ ಹೊರಗೆ. ಈ ಎರಡೂ ಒಂದನ್ನೊಂದು ಮುಟ್ಟುವ ಜಾಗ ಒಂದಿದೆ. ಶೆಡ್ಡಿಗೆ ಬೆಳಿಗ್ಗೆ ಹೊರಡುವ ಟಿಕೋಟಾದ ತಾಯಿ ತನ್ನ ಕೂಸನ್ನು ಬಿಟ್ಟು ಹೋಗುವುದು ಅಂಗನವಾಡಿಯಲ್ಲಿ. ಆಕೆಯ ಹೆಸರು, ವಯಸ್ಸು, ಬಸಿರು, ಬಾಣಂತನ, ಯಾವ ಹಂಗಾಮಿಗೆ ಎಲ್ಲಿಗೆ ದುಡಿಯಲು ಹೋಗುತ್ತಾಳೆ ಎಂಬುದು ಕಾರ್ಮಿಕ ಇಲಾಖೆಗೆ ತಿಳಿಯದಿದ್ದರೂ, ಸಂಘದ ರಸೀದಿ ಪುಸ್ತಕವನ್ನೂ ಅದೇ ಚೀಲದಲ್ಲಿ ಇಟ್ಟುಕೊಂಡಿರುವ ಕಾರ್ಯಕರ್ತೆಗೆ ಚೆನ್ನಾಗಿ ಗೊತ್ತು.